ಇನ್ನೆರಡೇ ಪುಟ

ನಾನೂರ ಹದಿನೇಳನೆಯ ಪುಟದಲ್ಲೂ ದೀಪಸ್ತಂಭದ ಕಾವಲುಗಾರ ಸಮುದ್ರ ನೋಡುತ್ತಲೇ ನಿಂತಿದ್ದ. ಮುನ್ನೂರ ತೊಂಬತ್ತರಲ್ಲೂ ಅದನ್ನೇ ಮಾಡುತ್ತಿದ್ದ. ಹನ್ನೆರಡನೆಯ ಪುಟದಲ್ಲಿ ಒಮ್ಮೆ ಕೆಮ್ಮಿ, ನೂರ ಎಂಬತ್ತರಲ್ಲಿ ಒಂದು ಕಾಗದ ಬರೆದು ಹರಿದುಹಾಕಿದ್ದು ಬಿಟ್ಟರೆ ಓದಲು ಹಿಡಿದ ಈ ಆರು ವಾರಗಳಲ್ಲಿ ಈ ಪುಣ್ಯಾತ್ಮ ಕಡಿದು ಕಟ್ಟೆ ಹಾಕಿದ್ದು ಏನೂ ಇರಲಿಲ್ಲ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಪುಸ್ತಕದ ಭಾರವನ್ನು ಹೊಟ್ಟೆಗೆ ಹೊರಿಸಿ ಅವನು ಓದುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಒಟ್ಟು ನಾನೂರ ಮೂವತ್ತೆಂಟು ಪುಟ. ಪುಟಕ್ಕೆ ಎರಡು ನಿಮಿಷವೆಂದರೂ ನಾಲ್ಕು ಗಂಟೆಗೆ ಒಂದೆರಡು ನಿಮಿಷ ಇರುವಾಗಲೇ ಮುಗಿಯಬೇಕು. ನಾಲ್ಕಕ್ಕೆ ಮಗಳು ಬರುತ್ತಾಳೆ. ತಿಂಗಳ ಮೊದಲನೆಯ ಭಾನುವಾರ, ನಾಲ್ಕರಿಂದ ಐದು. ಈ ಪುಸ್ತಕ ಕೊಟ್ಟವಳೂ ಅವಳೇ, ಅವನ ಹುಟ್ಟಿದ ದಿನಕ್ಕೆ, “ನಿಂಗೆ ದಪ್ಪ ಪುಸ್ತಕ ಇಷ್ಟ ಅಲ್ವಾ” ಎಂದು. ದಪ್ಪ ನೋಡಿ ಆರಿಸಿದ್ದಾಳೆ ಎಂದು ಅವನಿಗೆ ಗೊತ್ತಾಗಿತ್ತು, ಆದರೂ ಆರಿಸಿದ್ದಾಳಲ್ಲ ಎಂದು ಖುಷಿಯಾಗಿತ್ತು. ಇವತ್ತು ಇದನ್ನು ಮುಗಿಸಿ, ಕಪಾಟಿನಲ್ಲಿಟ್ಟು, ಕೈ ಖಾಲಿ ಮಾಡಿಕೊಂಡು ಅವಳೆದುರು ಕೂತು, ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿರುವ ಆ ಮಾತನ್ನು ಹೇಳಿಬಿಡಬೇಕು. ಹೇಳಿದರೆ ತಿಂಗಳಿಗೆ ಸಿಗುವ ಈ ಒಂದು ಗಂಟೆಯೂ ಕೈತಪ್ಪಬಹುದು. ಹೇಳದಿದ್ದರೆ ಈ ಒಂದು ಗಂಟೆ ಹೀಗೇ, ಹವಾಮಾನ, ಮೊಣಕಾಲು ನೋವು, ಏನು ಓದ್ತಿದ್ದೀಯ, ಇಷ್ಟರಲ್ಲೇ ಸವೆದುಹೋಗುತ್ತದೆ. ಕಾವಲುಗಾರ ಸಮುದ್ರದಿಂದ ಕಣ್ಣು ತೆಗೆದು ಆಕಾಶ ನೋಡಿದ. ಅವನು ಪುಟ ಮಗುಚಿದ.

ಓದುವುದು ಅವನಿಗೆ ಎಂದೂ ಬರಿ ಹವ್ಯಾಸವಾಗಿರಲಿಲ್ಲ. ಮೂವತ್ತೊಂದು ವರ್ಷ ಅವನ ಕೆಲಸವೇ ಗಟ್ಟಿಯಾಗಿ ಓದುವುದು. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಒಂದು ಮೇಜು. ಈಚೆ ಅವನು ಲೇಖಕರ ಹಸ್ತಪ್ರತಿ ಹಿಡಿದು ಓದಬೇಕು, ಆಚೆ ಕರಡು ತಿದ್ದುವವರು ಅಚ್ಚಿನ ಹಾಳೆಯ ಮೇಲೆ ಕೆಂಪು ಪೆನ್ನು ಓಡಿಸುತ್ತ ಹೋಲಿಸಿ ನೋಡಬೇಕು. ಮಾತುಗಳನ್ನಷ್ಟೇ ಓದಿದರೆ ಸಾಲದು, ಚಿಹ್ನೆಗಳನ್ನೂ ಓದಬೇಕು. ಕಾಮಾ, ಫುಲ್‌ಸ್ಟಾಪ್, ಕೋಟ್ ಶುರು, ಕೋಟ್ ಮುಗೀತು, ಹೊಸ ಪ್ಯಾರಾ. ಅಲ್ಲಿ ಅವನಿಗೆ ಬಾಯಿ ಎಂದೇ ಹೆಸರು, ಎದುರಿನವರಿಗೆ ಕಣ್ಣು. “ಬಾಯಿ ಎಲ್ಲ್ರೀ?” “ಬಾಯಿ ಟೀ ಕುಡಿಯಕ್ಕೆ ಹೋಗಿದೆ, ಕಣ್ಣು ನಿದ್ದೆ ಮಾಡ್ತಿದೆ.” ರೈಲಿನ ವೇಳಾಪಟ್ಟಿ, ಪರೀಕ್ಷೆಯ ಪ್ರಶ್ನೋತ್ತರ, ಹಲ್ಲಿನ ವೈದ್ಯರ ಸಮ್ಮೇಳನದ ಭಾಷಣಗಳು, ನಿವೃತ್ತ ಅಧಿಕಾರಿಗಳ ಆತ್ಮಕತೆ, ಎಲ್ಲವನ್ನೂ ಓದಿದ್ದಾನೆ. ಇದು ಬೇಜಾರು, ಇದನ್ನು ಬಿಡೋಣ ಎನ್ನುವ ಸೌಲಭ್ಯ ಆ ಮೇಜಿಗೆ ಇರಲಿಲ್ಲ. ಒಂದು ಆತ್ಮಕತೆಯ ನಡುವೆ ಕಣ್ಣು ಪೆನ್ನು ಕೆಳಗಿಟ್ಟು, “ಬಾಯಿಯವರೇ, ಈ ಮನುಷ್ಯ ಯಾವಾಗ ರಿಟೈರ್ ಆಗ್ತಾನೆ, ನಾವು ಯಾವಾಗ ಮನೆಗೆ ಹೋಗ್ತೀವಿ?” ಎಂದು ಕೇಳಿದ್ದರು. ನಗು ತಡೆದುಕೊಂಡು ಅವನು ಮುಂದಿನ ವಾಕ್ಯ ಓದಿದ್ದ. ಒಮ್ಮೆ ಮನೆಯಲ್ಲಿ ಹೆಂಡತಿ ಕೈಯೆಲ್ಲ ಸೋಪು ಮಾಡಿಕೊಂಡು, ತಂಗಿಯ ಕಾಗದ ಬಂದಿದೆ ಓದಿ ಹೇಳಿ ಎಂದಾಗ, “ನಾವೆಲ್ಲ ಕ್ಷೇಮ ಕಾಮಾ ನೀವು ಹೇಗಿದ್ದೀರಿ ಪ್ರಶ್ನೆ” ಎಂದು ಶುರುಮಾಡಿಬಿಟ್ಟಿದ್ದ. ಅವಳು ನಕ್ಕೂ ನಕ್ಕೂ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು. ಆಮೇಲೆ ಜಗಳವಾದಾಗಲೆಲ್ಲ, ಗಾಬರಿಯಾದಾಗಲೆಲ್ಲ ಅವನ ಬಾಯಿಗೆ ಕಾಮಾ ಬರುತ್ತಿತ್ತು, ಅವಳಿಗೆ ನಗು ಬರುತ್ತಿತ್ತು, ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಈಗ ಯಾರೊಡನೆಯೂ ಜಗಳವಿಲ್ಲ. ಮನೆ ಬಿಕೋ ಎನ್ನುತ್ತದೆ.

ಕೆಳಗಿನ ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ನಾನೂರ ಇಪ್ಪತ್ತೆರಡು. ಹದಿನೇಳನೆಯ ವಯಸ್ಸಿನಲ್ಲಿ ಅವನು ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದರ ಸದಸ್ಯನಾಗಿದ್ದ. ಕಿರಿದಾದ ಅಂಗಡಿ, ಏಣಿ ಹತ್ತಿ ಪುಸ್ತಕ ತೆಗೆಯಬೇಕು, ಕೆಳಗೆ ಮಾಲೀಕ ಮೇಜಿನ ಹಿಂದೆ ಹಲ್ಲುಕಡ್ಡಿ ಕಚ್ಚಿಕೊಂಡು ಕೂತಿರುತ್ತಿದ್ದ. ಅರ್ಧ ಓದಿ ಬೇಜಾರಾಗಿ ವಾಪಸು ಕೊಟ್ಟ ಪುಸ್ತಕವೊಂದನ್ನು ಮಾಲೀಕ ತಿರುವಿ ಹಾಕುತ್ತ, “ಹೇಗಿತ್ತು?” ಎಂದ. ಚೆನ್ನಾಗಿತ್ತು ಎಂದ ಇವನು. “ಕೊನೆಗೆ ಆ ಡಾಕ್ಟರು ಯಾರನ್ನ ಮದುವೆ ಆದ?” ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು, ಅವರಲ್ಲಿ ಇವನ ಕಾಲೇಜಿನ ಇಬ್ಬರು ಹುಡುಗಿಯರು. ಇವನು ಸ್ವಲ್ಪ ಯೋಚಿಸಿದವನಂತೆ ಮುಖ ಮಾಡಿ, “ಆ ನರ್ಸನ್ನ” ಎಂದ. ಮಾಲೀಕ ಹಲ್ಲುಕಡ್ಡಿ ತೆಗೆದು ಎಲ್ಲರ ಕಡೆ ನೋಡಿ, “ಈ ಪುಸ್ತಕದಲ್ಲಿ ಡಾಕ್ಟರೂ ಇಲ್ಲ, ನರ್ಸೂ ಇಲ್ಲ” ಎಂದ. ಎಲ್ಲರೂ ನಕ್ಕರು. ನಲವತ್ತೈದು ವರ್ಷವಾದರೂ ಆ ನಗು ನೆನಪಾದರೆ ಅವನ ಕಿವಿ ಬಿಸಿಯಾಗುತ್ತದೆ. ಅಂದಿನಿಂದ ಅವನು ಹಿಡಿದ ಪುಸ್ತಕ ಬಿಟ್ಟಿಲ್ಲ. ಜನ ಇದನ್ನು ಶ್ರದ್ಧೆ ಎಂದರು, ಸಂಯಮ ಎಂದರು, ನೆಂಟರೊಬ್ಬರು ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ ನೋಡಿ ಕಲೀರಿ ಎಂದರು. ಅದು ಹೆದರಿಕೆ ಎಂದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. “ಹೋಗ್ಲಿ ಬಿಡಿ, ಆ ಪುಸ್ತಕ ನಿಮ್ಮನ್ನ ಪೊಲೀಸಿಗೆ ಹಿಡಿದು ಕೊಡಲ್ಲ” ಎನ್ನುತ್ತಿದ್ದಳು. ಅವಳೇ ಒಂದಕ್ಕೂ ಕೊನೆ ಮುಟ್ಟಿಸಿದವಳಲ್ಲ. ಮೊದಲ ಮೂವತ್ತು ಪುಟ ಓದುವುದು, ಕೊನೆಯ ಪುಟ ನೋಡುವುದು, ಮಡಚಿಡುವುದು. ಅವಳು ಓದಿ ಬಿಟ್ಟ ಪುಸ್ತಕಗಳಲ್ಲಿ ಈಗಲೂ ತಲೆಪಿನ್ನು, ಔಷಧಿ ಚೀಟಿ, ಬಸ್ ಟಿಕೇಟು ಸಿಗುತ್ತವೆ, ಎಲ್ಲವೂ ಮೂವತ್ತರ ಆಸುಪಾಸಿನಲ್ಲೇ.

ನಾನೂರ ಇಪ್ಪತ್ತೇಳರಲ್ಲಿ ಕಾವಲುಗಾರನಿಗೆ ತಾನು ಯಾರಿಗಾಗಿ ದೀಪ ಹಚ್ಚುತ್ತಿದ್ದೇನೆ ಎಂಬ ಪ್ರಶ್ನೆ ಬಂತು. ಇದನ್ನು ಮೊದಲೇ ಕೇಳಿಕೊಂಡಿದ್ದರೆ ಎಲ್ಲರಿಗೂ ನಾನೂರು ಪುಟ ಉಳಿಯುತ್ತಿತ್ತು ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದನ್ನು ಹೇಳಲು ತಲೆಯೆತ್ತಿದ. ಎದುರಿನ ಕುರ್ಚಿಯ ಮೇಲೆ ಒಗೆದು ಮಡಚಿದ ಬಟ್ಟೆ ಇತ್ತು. ಈ ಹಾಳು ಅಭ್ಯಾಸವೊಂದು ಹೋಗಿಲ್ಲ. ಆಸ್ಪತ್ರೆಯಲ್ಲೂ ಹೀಗೇ, ಹೆಂಡತಿಯ ಮಂಚದ ಪಕ್ಕ ಕಬ್ಬಿಣದ ಕುರ್ಚಿ ಹಾಕಿಕೊಂಡು ಓದುತ್ತ, ನಡುನಡುವೆ ತಲೆಯೆತ್ತಿ ಪುಸ್ತಕದ ಬಗ್ಗೆ ಏನಾದರೂ ಬೈಯುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡೇ, ಬಿಟ್ಟುಹಾಕಿ ಎನ್ನುತ್ತಿದ್ದಳು. ಅವತ್ತೂ ಹಾಗೇ, ಮಧ್ಯಾಹ್ನದ ಹೊತ್ತು. ಹಸಿರು ಪರದೆ. ಪಕ್ಕದ ಮಂಚದ ಮುದುಕಿಯ ಮಗ ಕಿತ್ತಳೆ ಸುಲಿಯುತ್ತಿದ್ದ, ವಾರ್ಡಿಗೆಲ್ಲ ಅದರ ವಾಸನೆ. ಪುಸ್ತಕ ಯಾವುದೋ ಒಂದು ಮನೆತನದ ಕತೆ, ಅದಕ್ಕೆ ತಲೆಯೂ ಇರಲಿಲ್ಲ ಬಾಲವೂ ಇರಲಿಲ್ಲ, ಎರಡು ಪುಟ ಉಳಿದಿತ್ತು. ಅವಳು, “ಇಲ್ನೋಡಿ” ಎಂದಳು. ಅವನು ತಲೆಯೆತ್ತದೆ ಬಲಗೈಯ ತೋರುಬೆರಳು ಎತ್ತಿದ. ಒಂದು ನಿಮಿಷ ಎಂದು. ಬಾಯಲ್ಲೂ ಹೇಳಿದ, “ಒಂದ್ನಿಮಿಷ, ಇನ್ನೆರಡೇ ಪುಟ.” ಓದಿ ಮುಗಿಸಿದ. ಜೇಬಿನಿಂದ ಪುಟ್ಟ ನೋಟುಪುಸ್ತಕ ತೆಗೆದು ಪುಸ್ತಕದ ಹೆಸರಿನ ಮುಂದೆ ತಾರೀಕು ಹಾಕಿ, ಮುಗಿಯಿತು ಎಂದು ಬರೆದ. ಪೆನ್ನಿನ ಮುಚ್ಚಳ ಹಾಕಿ, ಹಾ ಹೇಳು ಎಂದು ತಲೆಯೆತ್ತಿದಾಗ ಅವಳಿಗೆ ನಿದ್ದೆ ಹತ್ತಿತ್ತು. ಪಾಪ ಮಲಗಲಿ ಎಂದುಕೊಂಡ. ಆ ನಿದ್ದೆಯಿಂದ ಅವಳು ಏಳಲಿಲ್ಲ. ಸಂಜೆ ಆರಕ್ಕೆ ಡಾಕ್ಟರು ಬಂದು ಪರದೆ ಎಳೆದರು.

ಏನು ಹೇಳುವುದಿತ್ತೋ. ಇಲ್ನೋಡಿ ಎನ್ನುವುದು ಅವಳ ಎಲ್ಲ ಮಾತಿನ ಬಾಗಿಲು. ಇಲ್ನೋಡಿ, ಗ್ಯಾಸ್ ಆರಿಸಿದ್ರಾ. ಇಲ್ನೋಡಿ, ನಿಮ್ಮ ಅಂಗಿ ಗುಂಡಿ ಕಿತ್ತಿದೆ. ಮಗಳು ಹುಟ್ಟುವ ಸುದ್ದಿಯನ್ನೂ ಹೀಗೇ ಹೇಳಿದ್ದಳು, ಇಲ್ನೋಡಿ, ನಾವು ಮೂವರಾಗ್ತೀವಿ ಅನ್ಸುತ್ತೆ. ಅವತ್ತಿನದು ಗುಂಡಿಯ ಮಾತೋ, ಅದಕ್ಕಿಂತ ದೊಡ್ಡದೋ ಗೊತ್ತಾಗುವ ದಾರಿಯೇ ಇಲ್ಲ. ನೀರು ಬೇಕಿತ್ತೇನೋ. ನೀರಾಗಿದ್ದರೆ ಇನ್ನೂ ಕೆಟ್ಟದ್ದು. ಆ ನಾಲ್ಕು ನಿಮಿಷದಲ್ಲಿ ಓದಿದ ಎರಡು ಪುಟಗಳಲ್ಲಿ ಏನಿತ್ತು ಎಂದು ಎಷ್ಟು ತಡಕಾಡಿದರೂ ಒಂದು ಸಾಲೂ ನೆನಪಿಗೆ ಬರುವುದಿಲ್ಲ. ಮಗಳು ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವವಳು. ಒಮ್ಮೆ ಅವನನ್ನೂ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದ ತಕ್ಷಣ ಬೆರಳೆತ್ತು ಅಪ್ಪ ಎಂದಿದ್ದಳು. ಅಲ್ಲಿ ಬೆರಳೆತ್ತುವುದೆಂದರೆ ಕೇಳಿಸಿತು ಎಂದು. ಹಾಗೆ ನೋಡಿದರೆ ಹೆಂಡತಿಗೂ ತಾನು ಹೇಳಿದ್ದು ಅದನ್ನೇ ಅಲ್ಲವೇ ಎಂದು ಅವನು ಒಮ್ಮೆ ತನಗೇ ವಾದ ಹೂಡಿ, ಅದರ ಅಗ್ಗತನಕ್ಕೆ ತಾನೇ ನಾಚಿ ಬಿಟ್ಟಿದ್ದ.

ಆ ನೋಟುಪುಸ್ತಕ ಮಗಳ ಕೈಗೆ ಸಿಕ್ಕಿದ್ದು ಒಂದು ತಿಂಗಳ ನಂತರ. ಅಮ್ಮನ ಬಟ್ಟೆ ಬೀರುವಿನಿಂದ ತೆಗೆದು ಮಡಚುತ್ತಿದ್ದವಳು ಅವನ ಕೋಟು ಕೊಡವಿದಳು, ಅದು ಕೆಳಗೆ ಬಿತ್ತು. ಅಪ್ಪನ ಪಟ್ಟಿ ಎಂದು ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಮಗುವಾಗಿದ್ದಾಗ ತಾನು ಓದಿದ ಬೊಂಬೆ ಪುಸ್ತಕಗಳ ಹೆಸರನ್ನೂ ಅದರಲ್ಲಿ ಬರೆಸುತ್ತಿದ್ದಳು. ನಗುನಗುತ್ತಲೇ ಪುಟ ತಿರುವಿದಳು. ಆಮೇಲೆ ನಿಂತಳು. “ಅವತ್ತೂ ಬರೆದಿದ್ದೀಯ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅಮ್ಮ ಹೋದ ದಿನ. ಮುಗಿಯಿತು ಅಂತ.” ಅಮ್ಮ ತೀರಿಕೊಂಡ ಮೇಲೆ ಕೂತು ಪುಸ್ತಕ ಓದಿ ಮುಗಿಸಿ ಲೆಕ್ಕ ಬರೆದಿದ್ದಾನೆ ಎಂದು ಅವಳು ತಿಳಿದಳು. ಹಾಗಲ್ಲ, ಅದು ಮೊದಲೇ ಬರೆದದ್ದು, ಮೂರೂವರೆಗೆ ಬರೆದದ್ದು ಎನ್ನಲು ಅವನು ಬಾಯಿ ತೆರೆದ. ಹಾಗೆಂದರೆ ಮೂರೂವರೆಗೆ ಏನಾಯಿತು ಎಂಬುದನ್ನೂ ಹೇಳಬೇಕು. ತೆರೆದ ಬಾಯಿ ಮುಚ್ಚಿದ. ಅವಳು ನೋಟುಪುಸ್ತಕವನ್ನು ಕೋಟಿನ ಜೇಬಿಗೇ ಹಾಕಿ, ಕೋಟನ್ನು ಹ್ಯಾಂಗರಿಗೆ ಹಾಕಿ, ಭುಜದ ಧೂಳು ಕೂಡ ಒರೆಸಿ ಹೋದಳು. ಮೊದಲು ವಾರಕ್ಕೆ ಎರಡು ಸಲ ಬರುತ್ತಿದ್ದವಳು ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದಳು. ಸುಳ್ಳು ಆರೋಪವೊಂದು ತನ್ನ ತಲೆಯ ಮೇಲಿದೆ, ನಿಜ ಹೇಳಿದರೆ ಅದು ಇಳಿಯುತ್ತದೆ, ಅದಕ್ಕಿಂತ ಭಾರದ್ದು ಏರುತ್ತದೆ. ಎರಡು ವರ್ಷ ಅವನು ಹಗುರಾದದ್ದನ್ನೇ ಹೊತ್ತುಕೊಂಡು ಓಡಾಡಿದ.

ನಾನೂರ ಮೂವತ್ತೈದು. ಈಗ ಗಾಳಿ ಎದ್ದಿತ್ತು, ಪುಸ್ತಕದಲ್ಲಿ. ಕಾವಲುಗಾರ ಮೆಟ್ಟಿಲು ಹತ್ತತೊಡಗಿದ್ದ, ಒಂದೊಂದು ಮೆಟ್ಟಿಲಿಗೂ ಒಂದೊಂದು ಯೋಚನೆ. ನಾನೂರ ಮೂವತ್ತಾರರ ಕೊನೆಯ ಸಾಲಿಗೆ ಬರುವಾಗ ಬಾಗಿಲ ಗಂಟೆ ಬಡಿಯಿತು. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇತ್ತು, ಅವಳು ಎಂದೂ ಮೊದಲೇ ಬರುವವಳಲ್ಲ. ಎರಡು ಪುಟ ಬಾಕಿ. ಅವನ ಬಲಗೈ ಎದ್ದಿತ್ತು. ಯಾರೂ ಇಲ್ಲದ ಕೋಣೆಯಲ್ಲಿ, ಮುಚ್ಚಿದ ಬಾಗಿಲಿಗೆ, ಅವನು ಒಂದು ಬೆರಳು ತೋರಿಸಿಕೊಂಡು ಕೂತಿದ್ದ. ಆ ಬೆರಳು ತನ್ನದಲ್ಲವೇನೋ ಎಂಬಂತೆ ಅದನ್ನೇ ನೋಡಿದ. ಉಗುರು ಬೆಳೆದಿತ್ತು. ಗಂಟೆ ಎರಡನೆಯ ಸಲ ಬಡಿದಾಗ ಪುಸ್ತಕವನ್ನು ತೆರೆದ ಹಾಗೇ ಕುರ್ಚಿಯ ಮೇಲೆ ಬೋರಲು ಹಾಕಿ, ಎಡವುತ್ತ ಹೋಗಿ ಬಾಗಿಲು ತೆಗೆದ.

“ಬಾತ್‌ರೂಮಲ್ಲಿದ್ದೆ” ಎಂದ, ಅವಳು ಏನೂ ಕೇಳುವ ಮೊದಲೇ.

“ಹೂಂ” ಎಂದಳು ಮಗಳು. ಚಪ್ಪಲಿ ಬಿಡುತ್ತ ಒಳಗೆ ಕಣ್ಣು ಹಾಯಿಸಿದಳು, ಕಣ್ಣು ಬೋರಲು ಬಿದ್ದ ಪುಸ್ತಕದ ಮೇಲೆ ಹೋಗಿ ಬಂತು. “ಬಸ್ಸು ಬೇಗ ಸಿಕ್ತು ಇವತ್ತು.”

ಮೂವತ್ತೆಂಟು ವರ್ಷದವಳು, ಕಿವಿಯ ಹಿಂದೆ ನಾಲ್ಕೈದು ಬಿಳಿಕೂದಲು ಕಾಣತೊಡಗಿವೆ, ನಡಿಗೆ ಮಾತ್ರ ಅಮ್ಮನದೇ. ಒಂದು ಕೈಚೀಲದಲ್ಲಿ ಬಾಳೆಹಣ್ಣು ತಂದಿದ್ದಳು. ಒಗೆದ ಬಟ್ಟೆಯನ್ನು ಮಂಚಕ್ಕೆ ಸಾಗಿಸಿ ಕುರ್ಚಿ ಖಾಲಿ ಮಾಡಿಕೊಂಡಳು. ಮೊಣಕಾಲು ಹೇಗಿದೆ ಎಂದಳು, ಹಾಗೇ ಇದೆ ಎಂದ. ಸೆಖೆ ಜಾಸ್ತಿ ಎಂದಳು, ಹೌದು ಎಂದ. ಟೀ ಮಾಡ್ತೀನಿ ಎಂದು ಅವನು ಅಡುಗೆಮನೆಗೆ ಹೋದ. ಹಾಲು ಉಕ್ಕುವವರೆಗೆ ಮನಸ್ಸಿನಲ್ಲೇ ವಾಕ್ಯ ಜೋಡಿಸಿದ, ತೆಗೆದ, ಮತ್ತೆ ಜೋಡಿಸಿದ. ನೋಡು ಪುಟ್ಟಿ, ನಿಂಗೊಂದು ವಿಷಯ ಗೊತ್ತಿಲ್ಲ. ಬೇಡ, ಅದು ಸಿನಿಮಾದವರ ಹಾಗಾಯಿತು. ಪುಟ್ಟಿ, ಆ ಪಟ್ಟಿಯಲ್ಲಿ ಬರೆದದ್ದು. ಬೇಡ, ಅದು ತನ್ನ ಪರ ವಕಾಲತ್ತು. ಯಾರದೋ ಹಸ್ತಪ್ರತಿಯಾಗಿದ್ದರೆ ಗಳಗಳ ಓದಿ ಮುಗಿಸುತ್ತಿದ್ದ. ಟೀ ಸೋಸುವಾಗ ಒಂದಿಷ್ಟು ಕಟ್ಟೆಯ ಮೇಲೆ ಚೆಲ್ಲಿತು, ಒರೆಸಿದ. ಎರಡು ಕಪ್ಪು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದ. ಈಗಲ್ಲದಿದ್ದರೆ ಇಲ್ಲ ಎಂದುಕೊಂಡು, ಕಪ್ಪು ಕೆಳಗಿಡುವುದಕ್ಕೂ ಮೊದಲೇ ಬಾಯಿ ಬಿಟ್ಟ.

“ಇಲ್ನೋಡು” ಎಂದ.

ಮಗಳು ಬೆತ್ತದ ಕುರ್ಚಿಯ ಮೇಲಿದ್ದ ಪುಸ್ತಕ ಎತ್ತಿಕೊಂಡು, ಅದೇ ಕುರ್ಚಿಯಲ್ಲಿ ಕೂತು, ಅವನು ಬೋರಲು ಹಾಕಿದ್ದ ಪುಟದಿಂದಲೇ ಓದುತ್ತಿದ್ದಳು. ತಲೆಯೆತ್ತಲಿಲ್ಲ. ಬಲಗೈಯ ತೋರುಬೆರಳು ಎತ್ತಿದಳು.

“ಒಂದ್ನಿಮಿಷ ಅಪ್ಪ. ಇನ್ನೆರಡೇ ಪುಟ.”

ಅವನು ತಟ್ಟೆ ಹಿಡಿದುಕೊಂಡೇ ನಿಂತ. ಬೇಕೆಂದೇ ಮಾಡಿದಳೇ? ಮುಖ ನೋಡಿದ. ಇಲ್ಲ, ಅವಳಿಗೆ ತಾನು ಬೆರಳೆತ್ತಿದ್ದು ಕೂಡ ಗೊತ್ತಿದ್ದಂತಿರಲಿಲ್ಲ. ಅದು ಇಳಿದು ಪುಟದ ಅಂಚಿಗೆ ಹೋಗಿ ಕೂತಿತ್ತು. ಎಲ್ಲಿಂದ ಬಂತು ಅದು ಎಂದು ಕೇಳಬೇಕಾಗಿರಲಿಲ್ಲ. ಬಾಲ್ಯದಲ್ಲಿ ಎಷ್ಟು ಸಲ ಚಿತ್ರ ಬರೆದು ತಂದು ಅವನ ಮೊಣಕಾಲ ಹತ್ತಿರ ನಿಂತಿದ್ದಳೋ, ಎಷ್ಟು ಸಲ ಅವನ ಬೆರಳು ಕಂಡು ಹಿಂದಿರುಗಿದ್ದಳೋ. ಅವನು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತ. ಈ ಕಡೆಯಿಂದ ಅವನು ಇದನ್ನು ಎಂದೂ ನೋಡಿರಲಿಲ್ಲ. ಓದುವವರ ಮುಖ ಇಷ್ಟು ದೂರ ಹೋಗಿರುತ್ತದೆ ಎಂದು ಗೊತ್ತಿರಲಿಲ್ಲ. ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ, ಮತ್ತೆ ಎಡಕ್ಕೆ ಬರುತ್ತದೆ, ತುಟಿ ಒಂದಿಷ್ಟು ಅಲುಗುತ್ತದೆ, ಎದುರಿಗೆ ಕೂತವರು ಇದ್ದರೂ ಒಂದೇ ಸತ್ತರೂ ಒಂದೇ. ಟೀಯ ಮೇಲೆ ಕೆನೆ ಕಟ್ಟತೊಡಗಿತು. ಒಂದು ನಿಮಿಷವಾಯಿತು. ಹೇಳಬೇಕೆಂದುಕೊಂಡ ವಾಕ್ಯದ ಮೊದಲ ಪದ ಕಳಚಿತು. ಎರಡು ನಿಮಿಷ. ಅಷ್ಟೇನೂ ಮುಖ್ಯವಲ್ಲ ಬಿಡು ಎಂದಿತು ಮನಸ್ಸು, ಮುಂದಿನ ತಿಂಗಳು ನೋಡೋಣ ಎಂದಿತು. ಹೀಗೇ ಆಗಿರಬೇಕು ಅವತ್ತು ಹೆಂಡತಿಗೂ. ದಿಂಬಿನ ಮೇಲೆ ತಲೆ ಹೊರಳಿಸಿ, ಅವನ ನೆತ್ತಿಯನ್ನು ನೋಡುತ್ತ, ಕಾದು, ಹೋಗಲಿ ಬಿಡು ಎಂದುಕೊಂಡು ಕಣ್ಣು ಮುಚ್ಚಿರಬೇಕು. ನಾಲ್ಕು ನಿಮಿಷ ಇಷ್ಟುದ್ದ ಇರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಥೂ” ಎಂದು ಮಗಳು ಪುಸ್ತಕ ಮಡಚಿದಳು. “ಎಷ್ಟು ಬೋರು ಅಪ್ಪ ಇದು! ಮೆಟ್ಟಿಲು ಹತ್ತಿದ, ಮೆಟ್ಟಿಲು ಹತ್ತಿದ. ಇದನ್ನ ನಾನಾ ಕೊಟ್ಟಿದ್ದು?”

“ಇನ್ನೊಂದು ಪುಟ ಇದೆ” ಎಂದುಬಿಟ್ಟ ಅವನು. ಬಾಯಿ ಅಷ್ಟು ಪಳಗಿತ್ತು.

“ಇದ್ರೆ ಇರ್ಲಿ. ಯಾರಿಗೆ ಬೇಕು. ಏನೋ ಹೇಳ್ತಿದ್ದೆಯಲ್ಲ, ಹೇಳು.”

ಅಷ್ಟೇ. ಒಂದು ಪುಟ ಇರುವಾಗಲೇ ಅವಳು ಮಡಚಿದ್ದಳು, ಆಕಾಶ ಕಳಚಿ ಬೀಳಲಿಲ್ಲ. ಟೀ ಕಪ್ಪು ಎತ್ತಿಕೊಂಡು, ಕೆನೆಯನ್ನು ಬೆರಳಿನಿಂದ ಬದಿಗೆ ಸರಿಸಿ, ಅವನನ್ನೇ ನೋಡುತ್ತ ಕೂತಳು. ದಿನವಿಡೀ ಜನರ ಕಿವಿಗೆ ಸಣ್ಣ ಸದ್ದು ಕಳಿಸಿ, ಕೇಳಿತೋ ಇಲ್ಲವೋ ಎಂದು ಕಾಯುವವಳ ನೋಟ ಅದು. ಅಡುಗೆಮನೆಯಲ್ಲಿ ಜೋಡಿಸಿದ ಒಂದು ಪದವೂ ಉಳಿದಿರಲಿಲ್ಲ.

“ಅವತ್ತು ಆಸ್ಪತ್ರೆಯಲ್ಲಿ ಕಾಮಾ” ಎಂದ, “ಮೂರೂವರೆ ಹೊತ್ತಿಗೆ ಕಾಮಾ ನಿಮ್ಮಮ್ಮ ನನ್ನನ್ನ ಕರೆದ್ಲು ಫುಲ್‌ಸ್ಟಾಪ್. ಕೋಟ್ ಶುರು. ಇಲ್ನೋಡಿ. ಕೋಟ್ ಮುಗೀತು.”

ಮಗಳು ನಗಲಿಲ್ಲ. ಈ ಮನೆಯಲ್ಲಿ ಅವನ ಕಾಮಾಕ್ಕೆ ಯಾರಾದರೂ ನಗದೆ ಇದ್ದದ್ದು ಇದೇ ಮೊದಲು.

“ನಾನು ಓದ್ತಿದ್ದೆ. ಬೆರಳು ಎತ್ತಿದೆ. ಒಂದ್ನಿಮಿಷ ಅಂದೆ. ಮುಗಿಸಿ ನೋಡಿದ್ರೆ ಅವಳು ಮಲಗಿದ್ಲು. ಆಮೇಲೆ ಏಳಲಿಲ್ಲ. ಆ ಪಟ್ಟೀಲಿ ಬರೆದದ್ದು ಆಗ. ಅವಳು ಹೋದ ಮೇಲಲ್ಲ. ಮೊದಲೇ. ಅವಳಿಗೆ ಏನೋ ಹೇಳೋದಿತ್ತು. ನಾನು ಕೇಳಿಸ್ಕೊಳ್ಳಲಿಲ್ಲ.”

ಮಗಳು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡಳು. ಕೆಳಗೆ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ನಿಂತಿತ್ತು.

“ಎಷ್ಟು ಪುಟ ಇತ್ತು?”

“ಎರಡು.”

“ಎಷ್ಟು ಹೊತ್ತು?”

“ನಾಲ್ಕು ನಿಮಿಷ. ಐದಿರಬಹುದು.”

ಅವಳು ಅವನ ಮುಖದಿಂದ ಕಣ್ಣು ತೆಗೆದು ಅವನ ಕೈ ನೋಡಿದಳು. “ಪುಸ್ತಕ ಚೆನ್ನಾಗಾದ್ರೂ ಇತ್ತಾ?”

ಸುಳ್ಳು ಹೇಳಬಹುದಿತ್ತು. ಇತ್ತು, ತುಂಬ ಚೆನ್ನಾಗಿತ್ತು, ಬಿಡಲು ಮನಸ್ಸಾಗಲಿಲ್ಲ ಎಂದರೆ ಎಷ್ಟೋ ವಾಸಿ. ಅದಕ್ಕೊಂದು ಅರ್ಥವಾದರೂ ಇರುತ್ತಿತ್ತು. ಅವಳೂ ಅದನ್ನೇ ಬೇಡುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಡಾಕ್ಟರೂ ಇಲ್ಲದ ನರ್ಸೂ ಇಲ್ಲದ ಆ ಪುಸ್ತಕ, ಆ ಅಂಗಡಿ ನೆನಪಾಯಿತು.

“ಇಲ್ಲ” ಎಂದ. “ಚೆನ್ನಾಗಿರಲಿಲ್ಲ.”

ಅವಳ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಏನೋ, ಅವನಿಗೆ ತಿಳಿಯಲಿಲ್ಲ. ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ಒಂದು ಕಪ್ಪು ತೊಳೆಯುವುದಕ್ಕೆ ಬೇಕಾದ್ದಕ್ಕಿಂತ ತುಂಬ ಹೊತ್ತು ನೀರು ಹರಿಯಿತು. ಅವನು ಕೂತಲ್ಲೇ ಕೂತಿದ್ದ. ಹೋಗಿ ಬೆನ್ನ ಮೇಲೆ ಕೈಯಿಡಬೇಕು ಎನ್ನಿಸಿತು, ಯಾವ ಹಕ್ಕಿನಿಂದ ಎಂದೂ ಅನ್ನಿಸಿತು. ಹಗುರಾಗುತ್ತೇನೆ ಎಂದುಕೊಂಡಿದ್ದ, ಎಂಥ ಹಗುರೂ ಇಲ್ಲ, ಹೊಟ್ಟೆಯೊಳಗೆ ಒಂದು ಖಾಲಿ ಪೆಟ್ಟಿಗೆ ಇಟ್ಟಂತಿತ್ತು. ಮಗಳು ಬಂದಳು, ಮುಖ ತೊಳೆದುಕೊಂಡಿದ್ದಳು, ಕೂದಲಂಚು ಒದ್ದೆ. ಗಡಿಯಾರದಲ್ಲಿ ನಾಲ್ಕೂ ನಲವತ್ತು. ಇಪ್ಪತ್ತು ನಿಮಿಷ ಮೊದಲೇ ಅವಳು ಚೀಲ ಹೆಗಲಿಗೇರಿಸಿಕೊಂಡಳು. ಬಾಳೆಹಣ್ಣು ಮೇಜಿನ ಮೇಲಿಟ್ಟಳು. ಆಮೇಲೆ ಬೆತ್ತದ ಕುರ್ಚಿಯ ಮೇಲಿದ್ದ ಪುಸ್ತಕ ಎತ್ತಿ ಚೀಲಕ್ಕೆ ಹಾಕಿದಳು.

“ಇದು ನನ್ನ ಹತ್ರ ಇರ್ಲಿ.”

“ಇನ್ನೂ ಎರಡು ಪುಟ” ಎಂದವನು ನಾಲಿಗೆ ಕಚ್ಚಿಕೊಂಡ.

“ಗೊತ್ತು” ಎಂದಳು.

ಚಪ್ಪಲಿ ಮೆಟ್ಟಿಕೊಂಡು ಅವಳು ಹೊರಗೆ ಕಾಲಿಟ್ಟಳು. ಮೂರನೆಯ ಮಹಡಿ, ಮೆಟ್ಟಿಲಿನ ತಿರುವಿನಲ್ಲಿ ಹಗಲಲ್ಲೂ ನಸುಗತ್ತಲು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಕೇಳಬೇಕಾದದ್ದು ಒಂದೇ ಮಾತು, ಮುಂದಿನ ತಿಂಗಳು ಬರ್ತೀಯಾ. ಅದನ್ನು ಇಡೀ ವಾಕ್ಯವಾಗಿ ಮನಸ್ಸಿನಲ್ಲಿ ಸರಿಯಾಗಿ ಬರೆದುಕೊಂಡು, ಗಟ್ಟಿಯಾಗಿ ಓದಿದ.

“ಮುಂದಿನ ತಿಂಗಳು ತರ್ತೀಯಾ?”

ಮೂವತ್ತೊಂದು ವರ್ಷದಲ್ಲಿ ಅವನು ಒಂದಕ್ಷರದ ಬದಲು ಇನ್ನೊಂದು ಓದಿರಲಿಲ್ಲ. ಮಗಳು ಮೆಟ್ಟಿಲ ಮೇಲೆ ನಿಂತಳು, ತಿರುಗಲಿಲ್ಲ. ಈಗಲೂ ಪುಸ್ತಕವೇ ಮುಖ್ಯವಾಯಿತಲ್ಲ ನಿನಗೆ ಎಂದು ಆ ಬೆನ್ನು ಹೇಳಿದಂತಾಯಿತು. ಇಲ್ಲ ಪುಟ್ಟಿ, ನಾನು ಕೇಳಿದ್ದು ಅದಲ್ಲ, ಅಚ್ಚಿನ ತಪ್ಪು, ತಿದ್ದಿ ಓದಿಕೋ ಎಂದು ವಾಕ್ಯ ಜೋಡಿಸಿಕೊಳ್ಳತೊಡಗಿದ. ಅವಳು ಮತ್ತೆ ಇಳಿಯತೊಡಗಿದಳು. ಇಳಿಯುತ್ತಲೇ, ಪಕ್ಕದ ಕಂಬಿಯ ಮೇಲೆ ಕೈ ಜಾರಿಸುತ್ತ, ಅಂದಳು.

“ತರಲ್ಲ ಬರ್ತೀನಿ.”

ತಿರುವಿನಲ್ಲಿ ಮರೆಯಾದಳು. ಚಪ್ಪಲಿಯ ಸದ್ದು ಎರಡನೆಯ ಮಹಡಿಗೆ, ಮೊದಲನೆಯದಕ್ಕೆ ಇಳಿಯಿತು, ಕೆಳಗಿನ ಕಬ್ಬಿಣದ ಗೇಟು ಕಿರುಗುಟ್ಟಿತು. ಅವನು ಚೌಕಟ್ಟು ಬಿಡಲಿಲ್ಲ. ನಡುವೆ ಏನಿತ್ತು? ತರಲ್ಲ ಕಾಮಾ ಬರ್ತೀನಿ ಎಂದಿದ್ದರೆ, ಪುಸ್ತಕ ತರುವುದಿಲ್ಲ, ತಾನು ಬರುತ್ತಾಳೆ. ತರಲ್ಲ ಫುಲ್‌ಸ್ಟಾಪ್ ಬರ್ತೀನಿ ಎಂದಿದ್ದರೆ, ಅದು ಹೊರಡುವವರೆಲ್ಲ ಹೊಸ್ತಿಲು ದಾಟುವಾಗ ಹೇಳುವ ಬರ್ತೀನಿ, ಮತ್ತೆಂದೂ ಬಾರದವರೂ ಹೇಳಿ ಹೋಗುವಂಥದ್ದು. ಎಷ್ಟು ಹೊತ್ತು ನಿಲ್ಲಿಸಿದಳು ಅಲ್ಲಿ? ನಿಲ್ಲಿಸಿದಳೇ? ಕಾಮಾಕ್ಕೆ ಎಷ್ಟು ಉಸಿರು, ಫುಲ್‌ಸ್ಟಾಪಿಗೆ ಎಷ್ಟು ಎಂದು ನಿದ್ದೆಗಣ್ಣಲ್ಲೂ ಬಲ್ಲವನಿಗೆ ಈ ಎರಡು ಪದಗಳ ನಡುವಿನದು ಕೇಳಿಸಿರಲಿಲ್ಲ. ಗಟ್ಟಿಯಾಗಿ ಒಂದು ರೀತಿ ಓದಿದ, ಇನ್ನೊಂದು ರೀತಿ ಓದಿದ. ಖಾಲಿ ಮೆಟ್ಟಿಲುಗಳ ನಡುವೆ ಎರಡೂ ಸರಿಯಾಗಿಯೇ ಕೇಳಿಸಿದವು. ತಿದ್ದಲು ಎದುರಿಗೆ ಕಣ್ಣು ಇರಲಿಲ್ಲ.

ಒಳಗೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತ. ಹೊಟ್ಟೆಯ ಮೇಲೆ ಭಾರವಿರಲಿಲ್ಲ. ಜೇಬಿನಿಂದ ನೋಟುಪುಸ್ತ‌ಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ, ದೀಪಸ್ತಂಭದ ಪುಸ್ತಕದ ಹೆಸರಿನ ಮುಂದಿನ ಖಾಲಿ ಜಾಗ ನೋಡಿದ, ಮುಚ್ಚಳ ಹಾಕಿದ. ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳನ್ನು ಬೆರಳಿಟ್ಟು ಎಣಿಸಿದ. ಈ ತಿಂಗಳಿಗೆ ನಾಲ್ಕಲ್ಲ, ಐದಿದ್ದವು.